ಯೂಸುಫರ ಕಥೆ ಆಟವಾಗಬಾರದೇಕೆ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ತಂಗಿಯ ಮಗ ಈದ್ ರಜೆಗೆ ಬಂದಿದ್ದ. ಊಟ ಮುಗಿಸಿ ಎಲ್ಲರೂ ಕೂತಿದ್ದಾಗ, "ಮಾಮು, ಸೂರಃ ಯೂಸುಫ್ ಇಟ್ಟುಕೊಂಡು ಒಂದು ವಿಡಿಯೋ ಗೇಮ್ ಮಾಡಬೇಕು ಅಂತಿದ್ದೀನಿ" ಎಂದ. ಅವನ ನಾನಾ ತಸ್ಬೀಹ್ ಕೆಳಗಿಟ್ಟು "ತೌಬಾ, ತೌಬಾ" ಎಂದರು. ಹತ್ತು ವರ್ಷದ ಅವನ ತಮ್ಮ ಮಾತ್ರ ಕಣ್ಣರಳಿಸಿ, "ಅದರಲ್ಲಿ ಯಾರನ್ನ ಶೂಟ್ ಮಾಡಬೇಕು ಭಯ್ಯಾ?" ಎಂದು ಕೇಳಿದ.

ಹಿರಿಯರ ತೌಬಾಕ್ಕಿಂತ ಆ ಹುಡುಗನ ಪ್ರಶ್ನೆಯೇ ನಮ್ಮನ್ನು ಹೆಚ್ಚು ಕಾಡಿತು. ಆಟವೆಂದರೆ ಗುಂಡು ಹೊಡೆಯುವುದು ಎಂದು ಅವನಿಗೆ ಕಲಿಸಿದವರು ಯಾರು? 2007ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ 4' ಆಟದಲ್ಲಿ ಹೆಸರೇ ಇಲ್ಲದ ಒಂದು ಅರಬ್ ದೇಶವಿದೆ. ಅಲ್ಲಿ ಗುಂಡಿಗೆ ಬೀಳುವವರಿಗೂ ಹೆಸರಿಲ್ಲ. ನಮ್ಮ ಮಕ್ಕಳು ಮಗ್ರಿಬ್ ನಮಾಜು ಮುಗಿಸಿ ಬಂದು ಅಂಥ ಆಟಗಳನ್ನು ಆಡುತ್ತಾರೆ, ನಾವು ನೋಡಿಯೂ ನೋಡದಂತಿರುತ್ತೇವೆ. 2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿಯನ್ನು ನಿಷೇಧಿಸಿತು, 2021ರ ಜುಲೈಯಲ್ಲಿ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಬಂತು. ಆಗೆಲ್ಲ ಬಾಯಿ ಬಿಡದ ನಾವು, ಮನೆಯ ಹುಡುಗನೊಬ್ಬ ಕುರ್‌ಆನಿನ ಕಥೆಯ ಕಡೆ ತಿರುಗಿದ ಕೂಡಲೇ ಹರಾಮಿನ ಮಾತೆತ್ತುತ್ತೇವೆ.

2008ರಲ್ಲಿ ಒಂದು ಆಟದ ಹಿನ್ನೆಲೆ ಹಾಡಿನಲ್ಲಿ ಕುರ್‌ಆನಿನ ಪದಗಳಿವೆಯೆಂದು ಸೋನಿ ಕಂಪನಿ ಆ ಆಟದ ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಂಡಿತು. 2021ರಲ್ಲಿ ಇನ್ನೊಂದು ಆಟದಲ್ಲಿ ಕುರ್‌ಆನಿನ ಹಾಳೆಗಳು ನೆಲದ ಮೇಲೆ ಬಿದ್ದಿದ್ದಕ್ಕೆ ಆಕ್ಟಿವಿಷನ್ ಕಂಪನಿ ಕ್ಷಮೆ ಕೇಳಿತು. ಆ ಆಕ್ಷೇಪಗಳು ಸರಿಯೇ. ಆದರೆ ಈ ಆಟಗಳ ಲೋಕದಲ್ಲಿ ನಮಗಿರುವ ಕೆಲಸ ನೊಂದುಕೊಳ್ಳುವುದೊಂದೇ ಏನು?

ಧರ್ಮಗ್ರಂಥದ ಆಟ ಹೊಸದಲ್ಲ. ಅಮೆರಿಕದಲ್ಲಿ ವಿಸ್ಡಮ್ ಟ್ರೀ ಎಂಬ ಕಂಪನಿ 1991ರಲ್ಲೇ ಬೈಬಲಿನ ಕಥೆಗಳ ಆಟ ಮಾಡಿ ಮಾರಿತು. ಅದೇ ಕಂಪನಿ 1994ರಲ್ಲಿ ನೋಹನ, ಅಂದರೆ ನಮ್ಮ ನೂಹ್ (ಅ) ಅವರ, ಹಡಗಿನ ಆಟ ತಂದಿತು. ಅದರ ಯಂತ್ರಾಂಗವೆಲ್ಲ ನಾಝಿ ಸೈನಿಕರನ್ನು ಕೊಲ್ಲುವ ಹಳೆಯ ಆಟವೊಂದರದ್ದು. ನಾಝಿಗಳಿದ್ದ ಜಾಗದಲ್ಲಿ ಆಡು ಮತ್ತಿತರ ಪ್ರಾಣಿಗಳು, ಬಂದೂಕಿನ ಜಾಗದಲ್ಲಿ ಕವಣೆ, ಗುಂಡಿನ ಬದಲು ಮೇವು! ತಿಂದ ಪ್ರಾಣಿ ನಿದ್ದೆ ಹೋಗುತ್ತದೆ. ನಗಬೇಡಿ, 2006ರಲ್ಲಿ ಬಂದದ್ದು ಇದಕ್ಕಿಂತ ಭಯಂಕರ. ಅಂತ್ಯಕಾಲದ ಕಥೆಯ 'ಲೆಫ್ಟ್ ಬಿಹೈಂಡ್' ಆಟದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಧರ್ಮಯೋಧರ ಕಾಳಗ. ಕೊಂದಾಗ ಕುಸಿಯುವ ಆತ್ಮಬಲ ಪ್ರಾರ್ಥನೆಯಿಂದ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿ ಗ್ರಂಥ ಬರಿಯ ಬಣ್ಣ, ಒಳಗಿರುವುದು ಬಂದೂಕೇ.

ಈಗ ನಮ್ಮಲ್ಲೂ ಕೆಲವರು ಹೇಳುತ್ತಾರೆ: "ಮಾಡುವುದಾದರೆ ಬದ್ರ್ ಮಾಡಿ, ಉಹುದ್ ಮಾಡಿ, ಅವರಿಗೆ ಉತ್ತರ ಕೊಡಿ." ನೂಹರ ಕೈಗೆ ಕವಣೆ ಕೊಟ್ಟವರಿಗೂ ಇವರಿಗೂ ಏನು ಅಂತರ? ತೌಬಾ ಎನ್ನುವವರೊಡನೆ ನಾವು ವಾದ ಮಾಡಬಲ್ಲೆವು, ಇವರನ್ನು ಕಂಡರೆ ಮಾತ್ರ ನಮಗೆ ಹೆದರಿಕೆ.

ಪ್ರವಾದಿಗಳ ರೂಪ ತೋರಿಸಬಾರದೆಂಬ ಮಾತನ್ನು ನಾವು ಹಗುರವಾಗಿ ಎಣಿಸುವುದಿಲ್ಲ. 1488ರಲ್ಲಿ ಹೆರಾತಿನ ಬಿಹ್ಜಾದ್ ಯೂಸುಫರ ಚಿತ್ರ ಬರೆದನೆಂದು ಹೇಳಿ ನಮ್ಮ ಮಸೀದಿಯ ಹಿರಿಯರನ್ನು ಒಪ್ಪಿಸಲಾಗದು. ಆದರೆ 1976ರ 'ದಿ ಮೆಸೇಜ್' ಚಿತ್ರದಲ್ಲಿ ನಿರ್ದೇಶಕ ಮುಸ್ತಫಾ ಅಕ್ಕಾದ್ ಪ್ರವಾದಿ (ಸ) ಅವರ ರೂಪವನ್ನಾಗಲಿ ದನಿಯನ್ನಾಗಲಿ ತರದೆಯೇ ಕಥೆ ಹೇಳಿದ. ಕಥೆಯನ್ನು ಹೊಸ ರೂಪಕ್ಕೆ ತರುವುದೂ ನಮಗೆ ಹೊಸದಲ್ಲ. 17ನೇ ಶತಮಾನದಲ್ಲಿ ಹಾಶ್ಮಿ ಬಿಜಾಪುರಿ ಇದೇ ಯೂಸುಫ್–ಜುಲೇಖಾರ ಕಥೆಯನ್ನು ದಖನಿ ಮಸ್ನವಿಯಾಗಿಸಿದ. ಕುರ್‌ಆನಿನಲ್ಲಿ ಜುಲೇಖಾ ಎಂಬ ಹೆಸರೇ ಇಲ್ಲ, ಅಜೀಜನ ಹೆಂಡತಿ ಎಂದಷ್ಟೇ ಇದೆ. ಆದರೂ ಆ ಹೆಸರು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಬಂತು.

ಹುಡುಗ ಬರೆದುಕೊಂಡಿದ್ದನ್ನು ನಾವು ಓದಿದೆವು. ಅವನ ಆಟದಲ್ಲಿ ಯೂಸುಫರು ಕಾಣುವುದಿಲ್ಲ, ಆಡುವವನು ಯೂಸುಫರಾಗುವುದೂ ಇಲ್ಲ. ಒಂದು ಹಂತದಲ್ಲಿ ಅವನು ಬಾವಿಗೆ ಬಿಂದಿಗೆ ಇಳಿಸುವ ವರ್ತಕರ ಆಳು. ಮೇಲೆ ಬಂದ ಮಗುವನ್ನು ಕೆಲವೇ ದಿರ್ಹಮಿಗೆ ಮಾರುವವರಲ್ಲಿ ಅವನೂ ಒಬ್ಬ. ಇನ್ನೊಂದರಲ್ಲಿ ಅವನು ಅಜೀಜನ ಮನೆಯ ಸಾಕ್ಷಿ. ಅಂಗಿ ಹರಿದದ್ದು ಮುಂದಿನಿಂದಲೋ ಹಿಂದಿನಿಂದಲೋ ಎಂದು ನೋಡಿ ಸತ್ಯ ಹೇಳಬೇಕು. ಪತ್ತೇದಾರಿ ಕಥೆ ಬರೆಯುವವರು ಇದಕ್ಕಿಂತ ಒಳ್ಳೆಯ ಸುಳಿವನ್ನು ಎಲ್ಲಿಂದ ತರುತ್ತಾರೆ?

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸೆರೆಮನೆಯ ಹಂತ. ಆಟಗಾರ ಅಲ್ಲಿ ಯೂಸುಫರ ಜೊತೆಗಿದ್ದ ಕೈದಿ. ಕನಸಿನ ಅರ್ಥ ತಿಳಿದು, ಬಿಡುಗಡೆಯಾಗಿ, ಅರಮನೆಯಲ್ಲಿ ರಾಜನಿಗೆ ಪಾನೀಯ ಕೊಡುವ ಕೆಲಸಕ್ಕೆ ಸೇರುತ್ತಾನೆ. "ನಿನ್ನ ಒಡೆಯನ ಮುಂದೆ ನನ್ನ ವಿಷಯ ಹೇಳು" ಎಂಬುದಷ್ಟೇ ಸೆರೆಯಲ್ಲಿ ಉಳಿದವರ ಕೋರಿಕೆ. ಆಮೇಲೆ ಆಟ ಆ ಮಾತನ್ನು ನೆನಪಿಸುವುದೇ ಇಲ್ಲ. ಔತಣ, ಬಡ್ತಿ, ಇನಾಮು ಒಂದರ ಮೇಲೊಂದು ಬರುತ್ತವೆ. ವರ್ಷಗಳು ಉರುಳುತ್ತವೆ. ಒಂದು ದಿನ ರಾಜ ಏಳು ಬಡಕಲು ಹಸುಗಳು ಏಳು ಕೊಬ್ಬಿದ ಹಸುಗಳನ್ನು ತಿಂದ ಕನಸು ಹೇಳುತ್ತಾನೆ, ಆಗ ಆಡುವವನ ಎದೆ ಧಸಕ್ಕೆನ್ನುತ್ತದೆ. ನಾವು ಇಷ್ಟು ವರ್ಷ ಕಥೆ ಬರೆದಿದ್ದೇವೆ, ಓದುಗನನ್ನು ಹೀಗೆ ಅಪರಾಧಿಯಾಗಿಸಲು ನಮ್ಮಿಂದ ಆಗಿಲ್ಲ.

ಈ ದೇಶದ ಜೈಲುಗಳಲ್ಲಿ 2022ರ ಕೊನೆಗೆ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ತೀರ್ಪಿಗಾಗಿ ಕಾಯುತ್ತಿದ್ದ ವಿಚಾರಣಾಧೀನರು. ಅವರ ಪೈಕಿ ನಮ್ಮ ಬೀದಿಯವರೂ ಇದ್ದಾರು. ಅವರ ವಿಷಯ ಹೇಳುತ್ತೇವೆಂದು ಮಾತು ಕೊಟ್ಟು ಮರೆತವರು ಎಷ್ಟು ಜನ! ಸೂರಃ ಯೂಸುಫನ್ನು ರಾಗವಾಗಿ ಓದಿಸಿ ಕಣ್ಣೀರಿಡುವ ನಮಗೆ, ಆ ಮರೆತ ಕೈದಿ ನಾವೇ ಇರಬಹುದೆಂದು ಹೊಳೆಯುವುದಿಲ್ಲ. ಒಂದು ಆಟ ಅದನ್ನು ಹತ್ತು ವರ್ಷದ ಹುಡುಗನಿಗೆ ಹೊಳೆಸುವುದಾದರೆ ಅದನ್ನು ತಡೆಯುವ ಹಕ್ಕು ನಮಗೆಲ್ಲಿದೆ?

ಒಂದು ಮಾತಿನಲ್ಲಿ ಮಾತ್ರ ನಾವು ಹಿರಿಯರ ಪಕ್ಷ. ಈಗಿನ ಮೊಬೈಲ್ ಆಟಗಳಲ್ಲಿ ದುಡ್ಡು ಕೊಟ್ಟರೆ ಬಾಗಿಲು ತೆರೆಯುತ್ತದೆ, ಕಾಯುವ ಕಷ್ಟ ತಪ್ಪುತ್ತದೆ. ಹತ್ತು ರೂಪಾಯಿ ಕಟ್ಟಿ ಬಾವಿಯಿಂದ ಮೇಲೆ ಬರುವ, ಇಪ್ಪತ್ತು ಕಟ್ಟಿ ಸೆರೆವಾಸ ಮುಗಿಸುವ ವ್ಯವಸ್ಥೆ ಇದರಲ್ಲೂ ಬಂದರೆ, ಮೊದಲ ವಿರೋಧ ನಮ್ಮದೇ. ಆ ಸೂರಃದ ಜೀವವೇ ಸಬ್ರ್.

ನಮ್ಮ ಅಬ್ಬಾ ಇನ್ನೂ ಒಪ್ಪಿಲ್ಲ. ಆದರೆ ಹುಡುಗ ಬಿಟ್ಟುಹೋದ ಹಾಳೆಗಳನ್ನು ಕನ್ನಡಕ ಹಾಕಿಕೊಂಡು ಓದಿ, ಮೊನ್ನೆ ಅವನಿಗೆ ಫೋನ್ ಮಾಡಿ ಬೈದರು: "ರಾಜ ಕರೆಸಿದ ಕೂಡಲೇ ಯೂಸುಫ್ ಅಲೈಹಿಸ್ಸಲಾಂ ಹೊರಗೆ ಬರಲಿಲ್ಲ ಬೇಟಾ. ಮೊದಲು ನನ್ನ ಮೇಲಿನ ಆರೋಪದ ವಿಚಾರಣೆ ಆಗಲಿ ಅಂದರು. ಅದನ್ನೇ ಬಿಟ್ಟಿದ್ದೀಯಲ್ಲ!"