ಚೇಳಿನ ವಿಷ, ಕೋಳಿಯ ಮೇವು

ಚೇಳಿನ ವಿಷದಿಂದ ಹೊಸ ಪ್ರತಿಜೀವಕ ಔಷಧ ಸಿದ್ಧವಾಗಲಿದೆ ಎಂಬ ವಾರ್ತೆ ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ವಾರ್ತೆ ಸುಳ್ಳೇನಲ್ಲ. ಆದರೆ ಅದನ್ನೋದಿ ನಿಶ್ಚಿಂತರಾಗುವುದು ಅಪಾಯ. ಹಳೆಯ ಔಷಧಗಳನ್ನು ನಿಷ್ಫಲಗೊಳಿಸಿದ ಕೈಗಳೇ ಹೊಸದಕ್ಕೂ ಕಾದು ಕುಳಿತಿವೆ.

2000ದಲ್ಲಿ ಮೆಕ್ಸಿಕೋದ ವಿಜ್ಞಾನಿ ಲೌರಿವಾಲ್ ಪೊಸ್ಸಾನಿ ಮತ್ತು ಸಂಗಡಿಗರು ‘ಹ್ಯಾಡ್ರುರಸ್ ಅಜ್ಟೆಕಸ್’ ಎಂಬ ಚೇಳಿನ ವಿಷದಿಂದ 41 ಅಮೈನೊ ಆಮ್ಲಗಳ ಪೆಪ್ಟೈಡೊಂದನ್ನು ಬೇರ್ಪಡಿಸಿ ‘ಹ್ಯಾಡ್ರುರಿನ್’ ಎಂದು ಹೆಸರಿಸಿದರು. ಮರುವರ್ಷ ಆಫ್ರಿಕದ ಚಕ್ರವರ್ತಿ ಚೇಳಿನಿಂದ ‘ಪ್ಯಾಂಡಿನಿನ್’ಗಳು ದೊರೆತವು. ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಭೇದಿಸಿ ಅದನ್ನು ಕೊಲ್ಲುತ್ತವೆ. ತೊಡಕಿರುವುದೂ ಅಲ್ಲಿಯೇ. ಹ್ಯಾಡ್ರುರಿನ್ ಮನುಷ್ಯನ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ದೇಹದ ಕಿಣ್ವಗಳು ಇಂಥ ಪೆಪ್ಟೈಡುಗಳನ್ನು ಬೇಗನೆ ತುಂಡರಿಸುತ್ತವೆ. ಆದ್ದರಿಂದಲೇ ಕಾಲು ಶತಮಾನ ಕಳೆದರೂ ಚೇಳಿನ ಪೆಪ್ಟೈಡಿನ ಯಾವ ಪ್ರತಿಜೀವಕವೂ ಔಷಧದಂಗಡಿಗೆ ಬಂದಿಲ್ಲ.

ಪೊರೆಯನ್ನೇ ಒಡೆಯುವ ಪೆಪ್ಟೈಡಿಗೆ ಬ್ಯಾಕ್ಟೀರಿಯಾ ಸುಲಭವಾಗಿ ನಿರೋಧ ಬೆಳೆಸಿಕೊಳ್ಳಲಾರದು ಎಂಬ ವಾದವಿದೆ. ಈ ವಾದಕ್ಕೆ ಉತ್ತರ ಕೋಳಿಫಾರಂಗಳಲ್ಲಿದೆ. ಕಾಲಿಸ್ಟಿನ್ ಎಂಬ ಔಷಧವೂ ಪೆಪ್ಟೈಡೇ. ಅದೂ ಪೊರೆಯನ್ನೇ ಒಡೆಯುತ್ತದೆ. ಬೇರೆ ಔಷಧಗಳೆಲ್ಲ ಸೋತಾಗ ವೈದ್ಯರ ಕೈಯಲ್ಲಿ ಉಳಿಯುವ ಕೊನೆಯ ಅಸ್ತ್ರಗಳಲ್ಲಿ ಅದೊಂದು. ಅದನ್ನು ಕೋಳಿ ಬೇಗ ಕೊಬ್ಬಲೆಂದು ಮೇವಿಗೆ ಬೆರೆಸಲಾಯಿತು. ಅದನ್ನು ನಿಷ್ಫಲಗೊಳಿಸಬಲ್ಲ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನು 2015ರಲ್ಲಿ ಚೀನದ ಹಂದಿಗಳಲ್ಲಿ ಪತ್ತೆಯಾಯಿತು. ಭಾರತ ಸರಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕಾಲಿಸ್ಟಿನ್ ಬಳಕೆಯನ್ನು ನಿಷೇಧಿಸಿದ್ದು 2019ರ ಜುಲೈಯಲ್ಲಿ. ಔಷಧನಿರೋಧದ ಸೋಂಕಿನಿಂದ ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿಸಲಾದ ವರ್ಷವೂ ಅದೇ.

ಹೊಲಗದ್ದೆಗಳ ಕಥೆಯೂ ಭಿನ್ನವಲ್ಲ. ಕ್ಷಯರೋಗಿಯ ಜೀವವುಳಿಸಿದ ಸ್ಟ್ರೆಪ್ಟೊಮೈಸಿನ್ನನ್ನು ಟೆಟ್ರಾಸೈಕ್ಲಿನ್ ಜೊತೆ ಬೆರೆಸಿ ಭತ್ತದ ಅಂಗಮಾರಿಗೂ ದಾಳಿಂಬೆಯ ಅಂಗಮಾರಿಗೂ ಸಿಂಪಡಿಸುತ್ತ ಬರಲಾಗಿದೆ. ಅದನ್ನು ನಿಷೇಧಿಸುವ ಕರಡು ಆದೇಶ ಹೊರಬೀಳಲು 2021ರ ಡಿಸೆಂಬರ್ ಬರಬೇಕಾಯಿತು. ರೈತನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಸಿಂಪಡಿಸೆಂದು ಶಿಫಾರಸು ಮಾಡಿದ ಕೃಷಿ ವಿಜ್ಞಾನವೂ ಈ ತಪ್ಪಿನಲ್ಲಿ ಪಾಲುದಾರ.

ಇನ್ನು ಚೇಳಿನ ಗತಿಯೇನು? 2019ರಲ್ಲಿ ಮೆಕ್ಸಿಕೋ ಮತ್ತು ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಇನ್ನೊಂದು ಚೇಳಿನ ವಿಷದಿಂದ ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತುವನ್ನು ಗುರುತಿಸಿದರು. ಅದು ಪೆಪ್ಟೈಡ್ ಅಲ್ಲ, ಬೆಂಜೊಕ್ವಿನೋನ್. ಅದರ ರಚನೆ ಅರಿಯಲು ಅರ್ಧ ಮೈಕ್ರೊಲೀಟರ್ ವಿಷಸಾರ ಸಾಕಾಯಿತು. ಬಳಿಕ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಲಾಯಿತು. ಔಷಧಕ್ಕಾಗಿ ಮೂಟೆಗಟ್ಟಲೆ ಚೇಳು ಹಿಡಿಯಬೇಕಿಲ್ಲ. ಆದರೆ ಆ ಮೊದಲ ಹನಿಗಾಗಿ ಚೇಳು ಬದುಕಿರಬೇಕು. ಮಲೆನಾಡಿನಲ್ಲಿ ಚಿರೇಕಲ್ಲಿನ ಕ್ವಾರಿ, ಬೇಸಿಗೆಯ ಬೆಂಕಿ, ತೋಟದ ಕಳೆನಾಶಕ ಇವು ಕರಿಚೇಳಿನ ಬಿಲಗಳನ್ನು ಅಳಿಸುತ್ತಿವೆ. ಹುಲಿಗೆ ಅಭಯಾರಣ್ಯವಿದೆ, ಚೇಳಿಗಾಗಿ ಮರುಗುವವರಿಲ್ಲ. ವಿಷ ಬೇಕು, ವಿಷಜಂತು ಬೇಡ ಎಂಬುದು ಯಾವ ಸೀಮೆಯ ವಿವೇಕ?

ಮಾಡಬೇಕಾದ ಕೆಲಸ ಸ್ಪಷ್ಟವಿದೆ. 2002ರ ಜೀವವೈವಿಧ್ಯ ಕಾಯಿದೆಯಡಿ ರಚನೆಯಾದ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗಳು ತಮ್ಮ ದಾಖಲಾತಿಯಲ್ಲಿ ಚೇಳುಗಳನ್ನೂ ಅವುಗಳ ನೆಲೆಗಳನ್ನೂ ಸೇರಿಸಲಿ. ಕ್ವಾರಿಗೆ ಒಪ್ಪಿಗೆ ಕೊಡುವ ಮುನ್ನ ಆ ಪುಟ ತೆರೆದು ನೋಡಲಿ. ಮೇವಿನ ಚೀಲದಲ್ಲಿ ಬೆರೆತದ್ದೇನೆಂದು ಕೋಳಿ ಸಾಕುವವರು ಕೇಳಲಿ. ಬೆಳೆಗೆ ಪ್ರತಿಜೀವಕ ಬರೆದುಕೊಡುವ ಪರಿಪಾಠವನ್ನು ಕೃಷಿ ತಜ್ಞರು ಕೈಬಿಡಲಿ. ಇವಿಷ್ಟನ್ನೂ ಮಾಡದೆ ಹೊಸ ಔಷಧ ಬಂದರೆ, ಇಂದು ಚೇಳಿನ ಕೊಂಡಿಯಲ್ಲಿರುವ ಹನಿ ನಾಳೆ ಕೋಳಿಯ ಮೇವಿಗೇ ಸೇರುತ್ತದೆ.