ಗಾಂಧಿನಗರದ ಕಟ್ಟೆಯಿಂದ: ತನಗೇ ಗುಂಡು ಹೊಡ್ಕೊಂಡ ಪೀಜಾವಾಲ!

ನಮ್ಮ ಪೊಲೀಸ್ ಚಿತ್ರಗಳಲ್ಲಿ ಒಂದು ಶಾಟ್ ಇದ್ದೇ ಇರುತ್ತೆ. ಪಿಸ್ತೂಲು ಹಿಡಿದ ವಿಲನ್ ಮುಂದೆ ಹೀರೋ ಎದೆ ಸೆಟೆಸಿ, "ಹೊಡಿಯೋ ನೋಡೋಣ!" ಅಂತಾನೆ... ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನೂ ಹೊಡೆದವನೇ, ಸುಳ್ಳು ಯಾಕೆ ಹೇಳಲಿ?

ಈಗ ಒಳಗುಟ್ಟು ಕೇಳಿ. ಗುಂಡೇಟಿನ ದೃಶ್ಯಕ್ಕೆ ನಟನ ಷರಟಿನೊಳಗೆ ಸಣ್ಣ ಸಿಡಿಮದ್ದು, ಕೆಂಪು ಬಣ್ಣದ ಪೊಟ್ಟಣ ಕಟ್ಟಿರ್ತಾರೆ. ಮದ್ದು ಸಿಡಿದು ಮೈ ಸುಡಬಾರದಲ್ಲ, ಹಿಂದೆ ಒಂದು ತಗಡು. ಸುಳ್ಳು ಗುಂಡಿಗೇ ಇಷ್ಟು ಜೋಪಾನ!

ನಿಜವಾದ ಗುಂಡಿಗೆ? 2008ರ ನವೆಂಬರಿನಲ್ಲಿ ಮುಂಬಯಿಯ ಗಿರ್‌ಗಾಂವ್ ಚೌಪಾಟಿಯಲ್ಲಿ ಎ.ಎಸ್.ಐ. ತುಕಾರಾಮ್ ಓಂಬ್ಳೆ ಕಸಬ್‌ನ ಎ.ಕೆ. 47ರ ನಳಿಗೆಯನ್ನೇ ಬಾಚಿ ಹಿಡಿದರು. ಅವರ ಹತ್ತಿರ ಇದ್ದದ್ದು ಲಾಠಿ. ಬುಲೆಟ್‌ಪ್ರೂಫ್ ಜಾಕೆಟ್ ಇರಲಿಲ್ಲ. ಕಸಬ್ ಜೀವಂತ ಸಿಕ್ಕಿದ, ಓಂಬ್ಳೆ ಉಳಿಯಲಿಲ್ಲ. ಅಶೋಕ ಚಕ್ರ ಆಮೇಲೆ ಬಂತು.

ಈ ಜಾಕೆಟ್ಟಿನ ಹುಳ ನನ್ನ ತಲೆಗೆ ಬಿಟ್ಟದ್ದು ರಮಿನ್ ಬಹ್ರಾನಿಯ 'ಸೆಕೆಂಡ್ ಚಾನ್ಸ್' (2022) ಎಂಬ ಸಾಕ್ಷ್ಯಚಿತ್ರ. ಸಾಕ್ಷ್ಯಚಿತ್ರ ಅಂದ ಕೂಡಲೇ ಆಕಳಿಸಬೇಡಿ! ಇದರ ಕಥಾನಾಯಕ ರಿಚರ್ಡ್ ಡೇವಿಸ್, ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪೀಜಾ ಅಂಗಡಿ ಇಟ್ಟಿದ್ದವ. ದರೋಡೆಕೋರರ ಗುಂಡು ತಿಂದೆ ಅಂತ ಅವನೇ ಹೇಳ್ತಾನೆ. ಷರಟಿನೊಳಗೆ ತೊಡೋ ಮೆತ್ತನೆಯ ಜಾಕೆಟ್ ಮಾಡಿದ. ಮೊದಲು ನೈಲಾನ್, ಆಮೇಲೆ ಕೆವ್ಲಾರ್. ಬಟ್ಟೆ ಗುಂಡು ತಡೆಯುತ್ತಾ ಅಂತ ಪೊಲೀಸರು ನಕ್ಕರೆ, ಜಾಕೆಟ್ ತೊಟ್ಟು, ಕ್ಯಾಮೆರಾ ಮುಂದೆ ನಿಂತು, ತನ್ನ ಮೈಗೆ ತಾನೇ ಢಂ! ಒಂದಲ್ಲ ಎರಡಲ್ಲ, 190ಕ್ಕೂ ಹೆಚ್ಚು ಸಲ! ಡ್ಯೂಪಿಲ್ಲ, ಟ್ರಿಕ್ಕಿಲ್ಲ. (ಮನೇಲಿ ಯಾರೂ ಟ್ರೈ ಮಾಡಬೇಡ್ರಪ್ಪಾ. ಮೆತ್ತನೆ ಜಾಕೆಟ್ ಪಿಸ್ತೂಲಿನ ಗುಂಡು ತಡೆದೀತು. ಎ.ಕೆ. 47 ಮುಂದೆ ಅದು ಸಾಲದು, ಗಟ್ಟಿ ಫಲಕವೂ ಬೇಕು.)

1982ರಲ್ಲಿ ಡೆಟ್ರಾಯಿಟ್‌ನ ಪೊಲೀಸ್ ಆರನ್ ವೆಸ್ಟ್ರಿಕ್‌ಗೆ ಗುಂಡು ಬಿತ್ತು. ಡೇವಿಸ್‌ನ ಜಾಕೆಟ್ ಉಳಿಸಿತು. ವೆಸ್ಟ್ರಿಕ್ ಮುಂದೆ ಅದೇ ಕಂಪನಿ ಸೇರಿದರು.

ಇಂಟರ್ವಲ್ ನಂತರ ಹೀರೋನೇ ವಿಲನ್! ಕಂಪನಿ ಝೈಲಾನ್ ಎಂಬ ಹೊಸ ನೂಲಿನ ಜಾಕೆಟ್ ಮಾರಿತು. ತೆಳು, ಹಗುರ. ಆದರೆ ಶಾಖ, ತೇವ ತಾಗಿದರೆ ಎಳೆ ಸೊರಗುತ್ತೆ. ಬೆವರದ ಪೊಲೀಸ್ ಎಲ್ಲಿದ್ದಾನೆ ಸ್ವಾಮಿ? ವಿಷಯ ತಿಳಿದ ವೆಸ್ಟ್ರಿಕ್ ಎಚ್ಚರಿಸಿದರು. ಮಾರಾಟ ನಿಲ್ಲಲಿಲ್ಲ. 2003ರಲ್ಲಿ ಆ ಜಾಕೆಟ್ ತೊಟ್ಟಿದ್ದ ಕ್ಯಾಲಿಫೋರ್ನಿಯಾದ ಪೊಲೀಸ್ ಒಬ್ಬ ಗುಂಡಿಗೆ ಸತ್ತ. ಪೆನ್ಸಿಲ್ವೇನಿಯಾದಲ್ಲಿ ಇನ್ನೊಬ್ಬನಿಗೆ ಗುಂಡು ಜಾಕೆಟ್ ತೂರಿಯೇ ಒಳಗೆ ಹೋಯ್ತು. ವೆಸ್ಟ್ರಿಕ್ ತನ್ನ ಧಣಿಯ ವಿರುದ್ಧವೇ ಸರ್ಕಾರಕ್ಕೆ ಸಾಕ್ಷಿಯಾದರು. ಕಂಪನಿ ದಿವಾಳಿ ಎದ್ದಿತು.

ನೂರಾರು ಜೀವ ಉಳಿಸಿದವನೂ ಅವನೇ, ಕೆಟ್ಟ ಜಾಕೆಟ್ ಮಾರಿದವನೂ ಅವನೇ. ನಾನಂತೂ ಆ ಮನುಷ್ಯನಿಗೆ ಶಿಳ್ಳೆ ಹೊಡೆಯಲಾರೆ.

ಕ್ಲೈಮ್ಯಾಕ್ಸ್ ಮಾತ್ರ ಯಾವ ಕಥೆಗಾರನೂ ಬರೆಯಲಾರ. ಅಂದು ಗುಂಡು ಹಾರಿಸಿದವನನ್ನೇ ಹುಡುಕಿ ವೆಸ್ಟ್ರಿಕ್ ಎದುರು ಕೂರಿಸ್ತಾರೆ ನಿರ್ದೇಶಕರು. ಜಾಕೆಟ್ ಇಲ್ಲದಿದ್ದರೆ ಇವರು ಹೆಣ, ಅವನು ಕೊಲೆಗಾರ. ಇಬ್ಬರೂ ಬದುಕಿದ್ದಾರೆ, ತಲೆ ನರೆತಿದೆ, ಎದುರು ಬದುರು ಕೂತು ಮಾತಾಡ್ತಾರೆ... ಫೈಟೂ ಇಲ್ಲ, ಡೈಲಾಗೂ ಇಲ್ಲ. ನನ್ನ ಕರ್ಚೀಫು ಒದ್ದೆ!