ಇಳಿದ ವಿಮಾನ ದರ ಕಳಂಬೋಲಿಗೆ ತಲುಪುವುದು ಯಾವಾಗ?

ನವಿ ಮುಂಬೈಯ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ ಆಸುಪಾಸಿನ ಹೋಟೆಲುಗಳಲ್ಲಿ ದುಡಿಯುವ, ಸಿಡ್ಕೊ ಕಟ್ಟಡಗಳಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರಿಗೆ ವಿದೇಶ ಪ್ರಯಾಣ ಹೊಸದೇನಲ್ಲ. ಅಣ್ಣ ಮುಂಬೈಯಲ್ಲಿ, ತಮ್ಮ ದುಬೈಯಲ್ಲಿ ಎಂಬಂತಹ ಸಂಸಾರಗಳು ಇಲ್ಲಿ ಎಷ್ಟೋ ಇವೆ. ಈಗ ಹೊಸದಾಗಿ ಸೇರಿಕೊಂಡಿರುವುದು ರಜೆಯ ಪ್ರವಾಸ. ಮೇ ತಿಂಗಳು ಬಂತೆಂದರೆ ಪನ್ವೇಲ್‌ನಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುತ್ತಿದ್ದವರು ಬ್ಯಾಂಕಾಕ್, ಹನೋಯಿ, ಕ್ವಾಲಾಲಂಪುರದ ಟಿಕೆಟ್ ದರವನ್ನೂ ನೋಡತೊಡಗಿದ್ದಾರೆ.

ನೋಡುವುದಕ್ಕೆ ಕಾರಣವೂ ಇದೆ. ಹಣದುಬ್ಬರ ಕಳೆದು ಲೆಕ್ಕ ಹಾಕಿದರೆ, 2025ರಲ್ಲಿ ಜಗತ್ತಿನ ಸರಾಸರಿ ವಿಮಾನ ದರ 2014ಕ್ಕಿಂತ ಶೇ 40ರಷ್ಟು ಕಡಿಮೆ ಇರಲಿದೆ ಎಂದು ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ ಅಂದಾಜಿಸಿತ್ತು. ಭಾರತದಿಂದ ಹೊರದೇಶಕ್ಕೆ ಹೋದವರ ಸಂಖ್ಯೆಯೂ ಕೋವಿಡ್‌ಗೆ ಮುಂಚಿನ ಮಟ್ಟ ದಾಟಿದೆ. 2019ರಲ್ಲಿ ಅದು ಸುಮಾರು 2.69 ಕೋಟಿ, 2024ರಲ್ಲಿ 3 ಕೋಟಿಗೂ ಮೇಲೆ. ದರ ಇಳಿದಿದೆ ಎಂಬ ಮಾತು ಸುಳ್ಳಲ್ಲ. ಆದರೆ ಬೇಕೆನಿಸಿದಾಗ ಹೋಗುವವರಿಗೆ ಇಳಿದಷ್ಟು ಅದು ಹೋಗಲೇಬೇಕಾದವರಿಗೆ ಇಳಿದಿಲ್ಲ.

ಆಗ್ನೇಯ ಏಷ್ಯಾದ ಕಡೆ ನೋಡಿ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್, ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ಬೇಡವೆಂದವು. ವಿಯೆಟ್ನಾಂ ಇ–ವೀಸಾ ಸಲೀಸು ಮಾಡಿತು. ಅಗ್ಗದ ದರದ ಕಂಪನಿಗಳು ನೇರ ವಿಮಾನ ಹಾಕಿದವು. ಸೀಟು ಹೆಚ್ಚಿತು, ಪೈಪೋಟಿ ಬಿತ್ತು, ದರ ಇಳಿಯಿತು. ಬ್ಯಾಂಕಾಕ್ ತುಟ್ಟಿಯಾದರೆ ಹನೋಯಿಗೆ, ಮೇನಲ್ಲಿ ಆಗದಿದ್ದರೆ ಜೂನ್‌ನಲ್ಲಿ ಹೋಗಬಲ್ಲ ಪ್ರವಾಸಿಯ ಹಿಂದೆ ಕಂಪನಿಗಳೇ ಓಡಬೇಕಾಗುತ್ತದೆ.

ಗಲ್ಫ್‌ನ ಲೆಕ್ಕ ಬೇರೆ. ಭಾರತ ಮತ್ತು ದುಬೈ ನಡುವೆ ಒಂದೊಂದು ಕಡೆಯ ಕಂಪನಿಗಳು ವಾರಕ್ಕೆ ಸುಮಾರು 66 ಸಾವಿರ ಸೀಟು ಮಾತ್ರ ಹಾಕಬಹುದು ಎಂಬ ಒಪ್ಪಂದವಿದೆ. 2014ರಿಂದೀಚೆಗೆ ಆ ಮಿತಿ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಹೆಚ್ಚಿಸಿ ಎಂದು ಎಮಿರೇಟ್ಸ್ ಕೇಳುತ್ತಲೇ ಬಂದಿದೆ. ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮವರನ್ನು ದುಬೈಯಲ್ಲಿ ಇಳಿಸಿ ಸಾಗಿಸುವ ವ್ಯಾಪಾರ ಅವರಿಗೇಕೆ, ನಮ್ಮ ಕಂಪನಿಗಳೇ ನೇರ ಹಾರಲಿ ಎಂಬುದು ದೆಹಲಿಯ ವಾದ. 2025ರ ಜುಲೈನಲ್ಲಿ ಇಂಡಿಗೊ ಮುಂಬೈಯಿಂದ ಮ್ಯಾಂಚೆಸ್ಟರ್ ಮತ್ತು ಆಮ್‌ಸ್ಟರ್‌ಡ್ಯಾಮ್‌ಗೆ ಹಾರಲು ಶುರುಮಾಡಿದ್ದು ಈ ದಾರಿಯ ಹೆಜ್ಜೆಯೇ. ವಾದದಲ್ಲಿ ಹುರುಳಿದೆ. ಆದರೆ ದುಬೈಯಲ್ಲೇ ಇಳಿದು ಕೆಲಸಕ್ಕೆ ಹೋಗುವವನಿಗೂ ಅದೇ ಮಿತಿ. ಅವನಿಂದ ನಮ್ಮ ಯಾವ ಕಂಪನಿಯ ದೂರದ ಹಾರಾಟಕ್ಕೂ ನಷ್ಟವಿಲ್ಲ. ಅಲ್ಲಿ ಶಾಲೆಗೆ ರಜೆ ಕೊಡುವ ಜುಲೈ, ಆಗಸ್ಟ್‌ನಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಬೇಕು. ತಾಯಿಗೆ ಹುಷಾರಿಲ್ಲವೆಂದು ರಾತ್ರಿ ಫೋನ್ ಬಂದರೆ ಬೆಳಗಿನ ವಿಮಾನಕ್ಕೇ ಟಿಕೆಟ್ ಬೇಕು. ತಾರೀಖು ಬದಲಾಯಿಸಲಾಗದವನಿಂದ ಎಷ್ಟು ವಸೂಲಿ ಮಾಡಬಹುದೆಂದು ದರ ನಿಗದಿ ಮಾಡುವ ಕಂಪ್ಯೂಟರ್‌ಗೆ ಚೆನ್ನಾಗಿ ಗೊತ್ತು.

ಅಗ್ಗದ ಟಿಕೆಟ್ಟಿನಲ್ಲೂ ಎಷ್ಟೋ ಸಲ ಕೈಯಲ್ಲಿ ಒಯ್ಯುವ 7 ಕಿಲೋ ಬ್ಯಾಗಿಗಷ್ಟೇ ಜಾಗ. ಕುಚ್ಚಲಕ್ಕಿ, ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ತುಂಬಿ ಹಗ್ಗ ಬಿಗಿದ ಪೆಟ್ಟಿಗೆಯನ್ನು ತೂಕಕ್ಕಿಟ್ಟಾಗ ಉಳಿತಾಯದ ಬಹುಪಾಲು ಅಲ್ಲೇ ಕರಗುತ್ತದೆ.

ಅಮೆರಿಕದ ಕಡೆಗೆ ದರ ಇಳಿದರೂ ಅದನ್ನು ಸಂತೋಷದ ಸುದ್ದಿಯೆಂದು ಓದಲು ನನಗೆ ಮನಸ್ಸು ಬರುವುದಿಲ್ಲ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ಹೊಸದಾಗಿ ದಿನ ಕೊಡುವುದನ್ನೇ ಅಮೆರಿಕ ಕೆಲವು ವಾರ ನಿಲ್ಲಿಸಿತು. ಆ ಆಗಸ್ಟ್‌ನಲ್ಲಿ ಭಾರತದಿಂದ ಅಲ್ಲಿಗೆ ಹೋದ ವಿದ್ಯಾರ್ಥಿಗಳು ಹಿಂದಿನ ವರ್ಷಕ್ಕಿಂತ ಶೇ 45ರ ಆಸುಪಾಸು ಕಡಿಮೆ. ಆಗಸ್ಟ್ ಎಂದರೆ ಆ ಮಾರ್ಗದ ಸುಗ್ಗಿಯ ತಿಂಗಳು. ಕೆನಡಾ 2024ರಲ್ಲೇ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿತ್ತು. ಇಂತಹ ಮಾರ್ಗದಲ್ಲಿ ದರ ಇಳಿದರೆ ಅದು ಬಾಗಿಲು ಮುಚ್ಚಿದ್ದರ ಲಕ್ಷಣ. ಸೀಟು ಖಾಲಿಯಿದ್ದು ಟಿಕೆಟ್ ಅಗ್ಗವಾದರೂ ವೀಸಾ ಸಿಗದ ಹುಡುಗಿಗೆ ಏನು ಬಂತು? ವೀಸಾ ಸಿಕ್ಕವರಿಗೂ ರೂಪಾಯಿಯ ಹೊರೆ ತಪ್ಪಿಲ್ಲ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಟಿಕೆಟ್ಟಿನಲ್ಲಿ ಉಳಿಸಿದ್ದು ಫೀಸಿಗೂ ಬಾಡಿಗೆಗೂ ಹೋಗುತ್ತದೆ.

ಗಲ್ಫ್ ಪ್ರಯಾಣದ ಲೆಕ್ಕವನ್ನು ಸ್ವಲ್ಪವಾದರೂ ಬದಲಿಸುವ ಅವಕಾಶ ಕಳಂಬೋಲಿಯ ಪಕ್ಕದಲ್ಲೇ ಇದೆ. ನವಿ ಮುಂಬೈ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಂದು ದೇಶದೊಳಗಿನ ಹಾರಾಟಗಳೊಂದಿಗೆ ಕೆಲಸ ಶುರುಮಾಡಿತು. ಮೊದಲ ಹಂತದಲ್ಲೇ ವರ್ಷಕ್ಕೆ 2 ಕೋಟಿ ಪ್ರಯಾಣಿಕರ ಸಾಮರ್ಥ್ಯ ಅದಕ್ಕಿದೆ. ಕಳಂಬೋಲಿಯವರು ನಡುರಾತ್ರಿಯ ಗಲ್ಫ್ ವಿಮಾನಕ್ಕಾಗಿ ವಾಶಿ ಸೇತುವೆ, ಮಾನ್‌ಖುರ್ದ್, ಚೆಂಬೂರು ದಾಟಿ ಸಹಾರ್ ವಿಮಾನ ನಿಲ್ದಾಣ ಸೇರಲು ಸಂಜೆಯೇ ಮನೆ ಬಿಟ್ಟವರು. ಟ್ಯಾಕ್ಸಿಗೆ ಕೊಟ್ಟ ದುಡ್ಡು ಯಾವ ದರ ಪಟ್ಟಿಯಲ್ಲೂ ಕಾಣುವುದಿಲ್ಲ. ಡೊಂಬಿವ್ಲಿ, ಕಲ್ಯಾಣದವರ ಪಾಡೂ ಹೆಚ್ಚುಕಡಿಮೆ ಇದೇ.

ಹೊಸ ನಿಲ್ದಾಣಕ್ಕೆ ಯುರೋಪಿನ ದೊಡ್ಡ ವಿಮಾನಗಳು ಬಂದರೆ ಹೆಮ್ಮೆಯೇ. ಆದರೆ ಮೊದಲು ಬೇಕಿರುವುದು ದುಬೈ, ಅಬುಧಾಬಿ, ಮಸ್ಕತ್, ದೋಹಾ, ಕುವೈತ್‌ಗೆ ಹೋಗುವ ಚಿಕ್ಕ ವಿಮಾನಗಳು. ದುಬೈ ಒಪ್ಪಂದದ ಮಿತಿಯನ್ನು ಪೂರ್ತಿ ಸಡಿಲಿಸಲು ಸರ್ಕಾರಕ್ಕೆ ಮನಸ್ಸಿಲ್ಲದಿದ್ದರೆ, ಎರಡೂ ಕಡೆಯ ಕಂಪನಿಗಳಿಗೆ ಸಮಪಾಲಿನಲ್ಲಿ ಹೆಚ್ಚುವರಿ ಸೀಟು ಕೊಟ್ಟು ಅವನ್ನು ನವಿ ಮುಂಬೈಗೇ ಮೀಸಲಿಡಲಿ. ಊರಿನ ಹತ್ತಿರದ ಮಂಗಳೂರು, ಕಣ್ಣೂರು ನಿಲ್ದಾಣಗಳಿಗೂ ಇದೇ ಸೂತ್ರ ಅನ್ವಯಿಸಬಹುದು. ಮುಂಬೈಯ ಕನ್ನಡ ಸಂಘಗಳು ಸನ್ಮಾನ, ಯಕ್ಷಗಾನಗಳ ಜತೆಗೆ ಈ ಬೇಡಿಕೆಯನ್ನೂ ಕೈಗೆತ್ತಿಕೊಂಡು ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಹಾಗೂ ಕಳಂಬೋಲಿಯನ್ನು ಒಳಗೊಂಡ ಮಾವಳ ಕ್ಷೇತ್ರದ ಸಂಸದರನ್ನು ಒಟ್ಟಿಗೆ ಕೂರಿಸಿ ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಒಯ್ಯಬೇಕು.